ಅಜಂತಾದಲ್ಲಿ ತೆಗೆಸಿದ ಮುಡಿ

ಮಾದನಾಯಕನಹಳ್ಳಿ
25 ನವೆಂಬರ್ 2024

ಭಾಗ್ಯಶ್ರೀಗೆ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ ಎಂದು ನಂದೀಶ್ ಫೋನು ನೋಡಿ ಹೇಳಿದ. ಮಾಡಿಕೋ. ಎಸ್ಸೆಸ್ಸೆಲ್ಸಿ ಪಾಸಾದ ಕೈ ಇದು, ಬರೆಯುವುದನ್ನು ಇನ್ನೂ ಮರೆತಿಲ್ಲ. ರಿಜಿಸ್ಟರ್ ಪೋಸ್ಟಿನಲ್ಲೇ ಹಾಕುತ್ತಿದ್ದೇನೆ. ಸಹಿ ಮಾಡಿ ತೆಗೆದುಕೊಂಡ ಮೇಲೆ ಕಾಗದ ಸಿಗಲೇ ಇಲ್ಲ ಎನ್ನುವುದಕ್ಕೆ ಬಾಯಿ ಬರಬಾರದು.

ನನ್ನ ಮೊಮ್ಮಗನನ್ನು ಕಂಕುಳಿಗೆ ಹಾಕಿಕೊಂಡು, ಹೋಗಿ ಬರುತ್ತೇನೆ ಎಂಬ ಒಂದು ಮಾತೂ ಇಲ್ಲದೆ, ರಾಜಗೋಪಾಲನಗರದಲ್ಲಿ ನಿಮ್ಮಪ್ಪನ ಬಾಡಿಗೆ ಮನೆಗೆ ಹೋಗಿ ಕುಳಿತಿದ್ದೀಯ. ತಪ್ಪು ಮಾಡಿದವಳೂ ನೀನೇ, ಮುನಿಸಿಕೊಂಡವಳೂ ನೀನೇ. ಇದು ಯಾವ ನ್ಯಾಯ?

ಲಿಖಿತ್ ಹುಟ್ಟಿದಾಗಿನಿಂದ ಅವನ ತಲೆಗೆ ಕತ್ತರಿ ಮುಟ್ಟಿಸಿರಲಿಲ್ಲ. ಮೂರು ತುಂಬಿದ ಮೇಲೆ ಮಾಘದಲ್ಲಿ ಮನೆದೇವರ ಮುಂದೆ ಮೊದಲ ಮುಡಿ ಕೊಡುವುದು ನಮ್ಮಲ್ಲಿ ಅಜ್ಜ ಮುತ್ತಜ್ಜನ ಕಾಲದಿಂದ ನಡೆದುಬಂದದ್ದು. ಹೆಣ್ಣು ಮಗುವಾ ಎಂದು ದಾರಿಯಲ್ಲಿ ಹೋಗುವವರೆಲ್ಲ ಕೇಳುತ್ತಿದ್ದರು. ದಿನಾ ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜುಟ್ಟು ಕಟ್ಟುತ್ತಿದ್ದವಳು ನಾನು. ನೀನು ಬೆಳಿಗ್ಗೆ ಎದ್ದು ಪೀಣ್ಯದ ಕಂಪನಿ ಬಸ್ಸು ಹತ್ತುತ್ತಿದ್ದೆ.

ಅಜಂತಾ ನೋಡಬೇಕು ಎಂದು ನೀನು ಕೇಳಿದೆ. ನೋಡಿಕೊಂಡು ಬಾ ಎಂದು ನಾನೇ ಹೇಳಿದೆ. ದೀಪಾವಳಿ ಮುಗಿದ ಮೇಲೆ ಗಂಡ ಹೆಂಡತಿ ಮಗುವನ್ನು ಕರೆದುಕೊಂಡು ಹೋದಿರಿ. ತಿರುಗಿ ಬಂದಾಗ ಮಗುವಿನ ತಲೆ ಬೋಳು! ಬೋಳಿನ ತುಂಬ ಗಾಯದ ಗುರುತು. "ಏನಾಯ್ತೋ ಇದು?" ಎಂದು ನಾನು ಬಾಗಿಲಲ್ಲೇ ಕೂಗಿಕೊಂಡೆ. ನಿನ್ನ ಮುಖ ಅತ್ತು ಊದಿತ್ತು. ವೇಲನ್ನು ಮುಖಕ್ಕೆ ಎಳೆದುಕೊಂಡು ಗೋಡೆಗೆ ಒರಗಿ ನಿಂತೆ. ಬಾಯಿ ಬಿಟ್ಟವನು ಶಿವು. "ಅವ್ಳೇ ತೆಗೆಸಿದ್ಲು ಕಣಮ್ಮ. ಬುದ್ಧನಿಗೆ ಹರಕೆ ಹೊತ್ತಿದ್ಲಂತೆ. ಕ್ಷೌರದೋನ ಬ್ಲೇಡು ಸರಿ ಇರ್ಲಿಲ್ಲ" ಎಂದ. ನೀನು ಇಲ್ಲ ಎನ್ನಲಿಲ್ಲ.

ನಿಮ್ಮಪ್ಪನ ಮನೆಯ ಗೋಡೆಯಲ್ಲಿ ಅಂಬೇಡ್ಕರರ ಫೋಟೋ ಪಕ್ಕಕ್ಕೆ ಬುದ್ಧನ ಕ್ಯಾಲೆಂಡರ್ ನೇತಾಡುತ್ತಿದ್ದದ್ದನ್ನು ನೋಡಿಯೂ ನಾನು ಈ ಮದುವೆಗೆ ತಲೆಯಾಡಿಸಿದವಳು. ನಮ್ಮದೇ ವಠಾರದಲ್ಲಿ ಬಾಡಿಗೆಗಿದ್ದವರ ಮಗಳು, ಜಾತಿ ಬೇರೆ. ಆದರೂ ಮನೆ ತುಂಬಿಸಿಕೊಂಡೆ. ಅದಕ್ಕೆ ನೀನು ಕೊಟ್ಟ ಉಡುಗೊರೆ ಇದು. ನಮ್ಮ ದೇವರ ಪಾಲನ್ನು ತೆಗೆದುಕೊಂಡು ಹೋಗಿ ಯಾವುದೋ ಗುಡ್ಡದಲ್ಲಿ ಸುರಿದು ಬಂದೆ.

ಪೂಜಾರಿ ಬೈರಪ್ಪನವರನ್ನು ಕೇಳಿದ್ದೇನೆ. ನೀನು ಬಂದು ಮನೆದೇವರ ಮುಂದೆ ತಪ್ಪಾಯಿತು ಎಂದು ಅಡ್ಡಬಿದ್ದು ತಪ್ಪುಕಾಣಿಕೆ ಹಾಕಬೇಕಂತೆ. ಆಮೇಲೆ ಬೆಳೆದಷ್ಟು ಕೂದಲನ್ನೇ ಮಾಘದಲ್ಲಿ ಕೊಡಬಹುದಂತೆ. ಬರುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ಮಗು ಮಾತ್ರ ನನ್ನ ಮನೆಗೆ ಬರಬೇಕು.

ಇಂತಿ,
ಲಿಖಿತನ ಅಜ್ಜಿ
ನಾಗಲಕ್ಷ್ಮಮ್ಮ


ರಾಜಗೋಪಾಲನಗರ
3 ಡಿಸೆಂಬರ್ 2024

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ನಮ್ಮವ್ವ ಸಹಿ ಮಾಡಿ ತೆಗೆದುಕೊಂಡಳು. ಅವಳಿಗೆ ಸಹಿ ಬರುತ್ತದೆ, ಓದಲು ಬರುವುದಿಲ್ಲ. ಅದೇ ಒಳ್ಳೆಯದಾಯಿತು.

ಲಿಖಿತನ ತಲೆ ಬೋಳಿಸಿದ್ದು ನಿಜ. ಬೋಳಿಸಿ ಎಂದು ಹೇಳಿದವಳು ನಾನು ಎಂಬುದೂ ನಿಜ. ಯಾಕೆ ಎಂಬುದನ್ನು ನಿಮ್ಮ ಮಗನನ್ನು ಕೇಳಿ. ಅವರಿಗೆ ಗೊತ್ತಿದೆ. ಅವರ ಬಾಯಲ್ಲಿ ಬರುವವರೆಗೆ ನಾನು ಹೇಳುವುದಿಲ್ಲ.

ಬುದ್ಧನಿಗೆ ಯಾರೂ ಕೂದಲು ಕೊಡುವುದಿಲ್ಲ. ಅವನು ಕೇಳುವುದೂ ಇಲ್ಲ. ಇದು ಗೊತ್ತಿಲ್ಲದಿದ್ದರೆ ಯಾರನ್ನಾದರೂ ವಿಚಾರಿಸಬಹುದಿತ್ತು. ನೀವು ವಿಚಾರಿಸಿದ್ದು ಪೂಜಾರಿ ಬೈರಪ್ಪನವರನ್ನು.

ಮುಡಿಯ ಮಾತು ನೀವೇ ಎತ್ತಿದ್ದರಿಂದ ಒಂದು ಕೇಳುತ್ತೇನೆ. ಮೊದಲ ಮುಡಿ ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು ಎಂಬುದು ನಿಮ್ಮಲ್ಲೂ ಇದೆ, ನಮ್ಮಲ್ಲೂ ಇದೆ. ನನಗೆ ಒಡಹುಟ್ಟಿದ ಅಣ್ಣನಿದ್ದಾನೆ. ಬಸಲಿಂಗ ಎಂದು ಹೆಸರು, ನೀವು ಮರೆತಿರಬಹುದು. ಅವನಿಗೆ ಒಂದು ಮಾತೂ ಹೇಳದೆ, ನಿಮ್ಮ ತಮ್ಮನ ಮಗ ನಂದೀಶನನ್ನು ಸೋದರಮಾವನ ಜಾಗದಲ್ಲಿ ಕೂರಿಸುವುದೆಂದು ನೀವು ದಸರಾ ಹೊತ್ತಿಗೇ ನಿಶ್ಚಯ ಮಾಡಿದ್ದಿರಿ. ನಾನು ಅಡುಗೆಮನೆಯಲ್ಲಿದ್ದೆ, ಕೇಳಿಸಿತು. ದಲಿತನ ತೊಡೆ ನಿಮ್ಮ ದೇವಸ್ಥಾನದ ಅಂಗಳಕ್ಕೆ ಆಗುವುದಿಲ್ಲ, ದಲಿತಳು ಹೆತ್ತ ಮಗುವಿನ ಕೂದಲು ಆಗುತ್ತದೆ. ಇದು ಯಾವ ನ್ಯಾಯ ಎಂದು ನಾನೂ ಕೇಳಬಹುದಲ್ಲವೇ?

ಲಿಖಿತ್ ಆರಾಮಾಗಿದ್ದಾನೆ. ಅಂಗನವಾಡಿಗೆ ಹೋಗುತ್ತಿದ್ದಾನೆ. ಕಳಿಸುವುದಿಲ್ಲ.

ಭಾಗ್ಯಶ್ರೀ


ಮಾದನಾಯಕನಹಳ್ಳಿ
14 ಡಿಸೆಂಬರ್ 2024

ಭಾಗ್ಯಶ್ರೀಗೆ,

ಮಗನನ್ನು ಕೇಳಿ ಎಂದೆಯಲ್ಲ, ಕೇಳಿದೆ. ಅವರಪ್ಪನ ಎದುರಿಗೇ ಕೂರಿಸಿಕೊಂಡು ಕೇಳಿದೆ. ಅಂದು ಹೇಳಿದ್ದನ್ನೇ ಹೇಳಿದ. ನನಗೆ ಸಮಾಧಾನವಾಗಲಿಲ್ಲ, ನನ್ನ ತಲೆ ಮುಟ್ಟಿ ಆಣೆ ಮಾಡು ಎಂದೆ. ಮಾಡಿದ. ಹೆತ್ತ ತಾಯಿಯ ತಲೆ ಮುಟ್ಟಿ ಯಾವ ಮಗ ಸುಳ್ಳು ಹೇಳುತ್ತಾನೆ? ನಿನ್ನ ಒಗಟು ಬಿಡಿಸುವುದಕ್ಕೆ ನನಗೆ ಪುರುಸೊತ್ತಿಲ್ಲ. ಹೇಳುವುದಿದ್ದರೆ ಬಿಡಿಸಿ ಹೇಳು. ಇಲ್ಲದಿದ್ದರೆ ಇಲ್ಲದ್ದನ್ನು ಇದೆ ಎಂದು ತೋರಿಸಬೇಡ.

ನಂದೀಶನ ವಿಷಯ. ನಿಮ್ಮಣ್ಣ ಟೆಂಪೋ ಓಡಿಸುವವನು, ಇವತ್ತು ಹೊಸೂರು, ನಾಳೆ ಹುಬ್ಬಳ್ಳಿ. ಮುಹೂರ್ತಕ್ಕೆ ಸರಿಯಾಗಿ ಸಿಗುತ್ತಾನೋ ಇಲ್ಲವೋ ಎಂದು ನಂದೀಶನನ್ನು ನಿನಗೆ ಅಣ್ಣ ಎಂದು ಇಟ್ಟುಕೊಂಡೆವು. ಅದನ್ನು ಜಾತಿಗೆ ತಂದು ಗಂಟು ಹಾಕಿದೆ. ಜಾತಿ ನೋಡುವವಳಾಗಿದ್ದರೆ ನಿನಗೆ ನಮ್ಮ ಮನೆಯ ದೇವರ ದೀಪ ಹಚ್ಚುವುದಕ್ಕೆ ಬಿಡುತ್ತಿದ್ದೆನೇ? ಬೀಗರು ನಮ್ಮ ವಠಾರದಲ್ಲೇ ಬಾಡಿಗೆ ಕೊಟ್ಟುಕೊಂಡಿರುವುದು ಅವರಿಗೇ ಮರ್ಯಾದೆಯಲ್ಲ ಎಂದು ಖಾಲಿ ಮಾಡಿಸಿದ್ದಕ್ಕೂ ನೀನು ಹೀಗೇ ಮೂರು ತಿಂಗಳು ಮುಖ ಗಂಟು ಹಾಕಿಕೊಂಡಿದ್ದೆ.

ಬೀದಿಯವರೆಲ್ಲ ಕೇಳುತ್ತಿದ್ದಾರೆ. ಸೊಸೆ ಎಲ್ಲಿ, ಮೊಮ್ಮಗ ಎಲ್ಲಿ ಎಂದು. ತವರಿಗೆ ಹೋಗಿದ್ದಾಳೆ ಎಂದು ಎಷ್ಟು ದಿನ ಹೇಳಲಿ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ನಾನು ಬಡವಾಗುತ್ತಿದ್ದೇನೆ. ಬೆಳಿಗ್ಗೆ ಎದ್ದರೆ ಕೈಗೆ ಕೆಲಸವಿಲ್ಲ. ವಕೀಲರನ್ನು ನೋಡುವುದು ನನಗೆ ಇಷ್ಟವಿಲ್ಲ, ಆದರೆ ದಾರಿ ಗೊತ್ತಿದೆ.

ನಾಗಲಕ್ಷ್ಮಮ್ಮ


ಮಾದನಾಯಕನಹಳ್ಳಿ
8 ಜನವರಿ 2025

ಭಾಗ್ಯ,

ಕಂಪನಿ ಗೇಟಿನಲ್ಲಿ ಕಾದರೂ ನೀನು ಮಾತಾಡಲಿಲ್ಲ. ಹಾಗಾಗಿ ಇದನ್ನು ಬಸಲಿಂಗನ ಟೆಂಪೋ ಸೀಟಿನ ಮೇಲೆ ಇಟ್ಟು ಬರುತ್ತೇನೆ. ಓದಿ ಹರಿದುಹಾಕು.

ಅಮ್ಮನಿಗೆ ಈಗ ಹೇಗೆ ಹೇಳಲಿ ಹೇಳು? ಆಣೆ ಬೇರೆ ಮಾಡಿಸಿಕೊಂಡಿದ್ದಾರೆ. ಕರ್ಪೂರ, ಊದುಬತ್ತಿ ಕಟ್ಟಿಕೊಟ್ಟು, ಬೇರೆ ದೇವರ ಜಾಗಕ್ಕೆ ಹೋಗುತ್ತಿದ್ದೀರ, ಮಗುವಿಗೆ ದೃಷ್ಟಿ ತಾಗದ ಹಾಗೆ ಮೊದಲು ಮನೆದೇವರ ಹೆಸರಲ್ಲಿ ಹಚ್ಚು ಎಂದು ಹೇಳಿದ್ದು ಅವರೇ. ನಾನು ಹಚ್ಚಿದೆ. ಮೇಲೆ ಬಂಡೆಯಲ್ಲಿ ಜೇನು ಕಟ್ಟಿರುವುದನ್ನು ನಾನೇನು ಕನಸು ಕಂಡಿದ್ದೆನೇ? ಓಡಿದ್ದು ಜನರನ್ನು ಕರೆದುಕೊಂಡು ಬರೋಣ ಎಂದೇ. ನೀನು ಹಿಂದೆಯೇ ಬರುತ್ತಿದ್ದೀಯ ಎಂದುಕೊಂಡಿದ್ದೆ.

ಮನೆಗೆ ಬಂದಾಗ ಅಮ್ಮ ಕೂಗಿದ ರಭಸಕ್ಕೆ ಬಾಯಿಗೆ ಏನು ಬಂತೋ ಅದನ್ನು ಹೇಳಿಬಿಟ್ಟೆ. ತಪ್ಪು ಒಪ್ಪಿಕೊಳ್ಳುತ್ತೇನೆ, ನಿನ್ನ ಹತ್ತಿರ. ಅವರ ಹತ್ತಿರ ಬೇಡ. ನೀನು ಒಂದು ಸಲ ಬಂದು, ಬೈರಪ್ಪನವರು ಹೇಳಿದ ಹಾಗೆ ತಪ್ಪುಕಾಣಿಕೆ ಹಾಕಿ ಅಡ್ಡಬಿದ್ದುಬಿಡು. ಎರಡು ನಿಮಿಷದ ಕೆಲಸ. ಅಮ್ಮ ತಣ್ಣಗಾಗುತ್ತಾರೆ, ಎಲ್ಲ ಮೊದಲಿನ ಹಾಗೆ ಆಗುತ್ತದೆ. ನಿನಗೇನು ಕಳೆದುಹೋಗುತ್ತದೆ?

ಲಿಖಿಗೆ ಮುತ್ತು.

ನಿನ್ನ
ಶಿವು


ರಾಜಗೋಪಾಲನಗರ
12 ಜನವರಿ 2025

ಶಿವಶಂಕರ್ ಅವರಿಗೆ,

ನಿನ್ನೆ ಮೊನ್ನೆಯವರೆಗೆ ನಿಮ್ಮನ್ನು ನೀನು ಎನ್ನುತ್ತಿದ್ದೆ. ಈಗ ಬರುತ್ತಿಲ್ಲ.

ಏನು ಕಳೆದುಹೋಗುತ್ತದೆ ಎಂದು ಕೇಳಿದ್ದೀರಿ. ಹೇಳುತ್ತೇನೆ. ನಮ್ಮಪ್ಪ ಫೌಂಡ್ರಿಯಲ್ಲಿ ಕಾವಿನ ಎದುರು ನಿಂತು ಕಣ್ಣು ಹಾಳು ಮಾಡಿಕೊಂಡವನು. ಗೋಡೆಯ ಕ್ಯಾಲೆಂಡರಿನಲ್ಲಿ ಇರುವುದು ಅಜಂತಾದ ಚಿತ್ರವೇ, ಕೈಯಲ್ಲಿ ತಾವರೆ ಹಿಡಿದು ತಲೆ ಬಾಗಿಸಿ ನಿಂತವನದು. ಹಳೆಯ ಅಚ್ಚು, ಮಸುಕಾಗಿದೆ. ಹೊರಡುವ ಹಿಂದಿನ ದಿನ ಅಪ್ಪ, "ಅಂವಾ ಕಣ್ಣು ತೆರದಾನೋ, ಮುಚ್ಚ್ಯಾನೋ, ನೋಡಿ ಬಂದ್ ಹೇಳವ್ವಾ" ಎಂದ. ಅಷ್ಟಕ್ಕಾಗಿ ನಾನು ಹೋದದ್ದು. ನಮ್ಮ ಜನರಲ್ಲಿ ಅಲ್ಲಿಗೆ ಹೋಗಿ ಬಂದವಳು ನಾನೊಬ್ಬಳೇ.

ಆ ಗುಹೆಯೊಳಗೆ ಚಪ್ಪಲಿ ಬಿಟ್ಟು ಹೋದಾಗ ಮೊದಲು ಏನೂ ಕಾಣಲಿಲ್ಲ. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆಯಿಂದ ಅವನು ನಿಧಾನಕ್ಕೆ ಮೂಡಿಬಂದ. ಕಣ್ಣು ಅರ್ಧ ತೆರೆದಿವೆ, ಕೆಳಗೆ ನೋಡುತ್ತಿವೆ. ಯಾರದೋ ಕಷ್ಟವನ್ನು ಪೂರ್ತಿ ಕೇಳಿಸಿಕೊಂಡ ಮುಖ. ಅಷ್ಟು ಸಂತೋಷ ನನಗೆ ನಮ್ಮ ಮದುವೆಯ ದಿನವೂ ಆಗಿರಲಿಲ್ಲ. "ಇಲ್ಲಿ ಸಿಗ್ನಲ್ ಬರ್ತಿಲ್ಲ" ಎಂದು ನೀವು ಹೊರಗೆ ಹೋದಿರಿ.

ನಾನೂ ಮಗುವೂ ಹೊರಗೆ ಬಂದಾಗ ನೀವು ಮೆಟ್ಟಿಲ ಪಕ್ಕದ ಬಂಡೆಯ ಮರೆಯಲ್ಲಿ ಕರ್ಪೂರ ಹಚ್ಚುತ್ತಿದ್ದಿರಿ. ಕಾವಲಿನವರು ನೋಡಿದರೆ ಬಯ್ಯುತ್ತಾರೆ, ಆರಿಸಿ ಎಂದೆ. ಅಮ್ಮ ಹೇಳಿದ್ದಾರೆ ಎಂದಿರಿ. ಊದುಬತ್ತಿಯ ಕಟ್ಟನ್ನೇ ಹಚ್ಚಿದಿರಿ. ಹೊಗೆ ನೆಟ್ಟಗೆ ಮೇಲೆ ಹೋಯಿತು. ಆಮೇಲೆ ಕಪ್ಪಗೆ ಇಳಿದದ್ದು ಏನೆಂದು ಗೊತ್ತಾಗುವ ಮೊದಲೇ ಲಿಖಿತ್ ಕಿರುಚಿದ. ಅವನ ಕೂದಲಿನೊಳಗೆ ಹುಳು ಸಿಕ್ಕಿಹಾಕಿಕೊಂಡು ಗುಂಯ್ ಎನ್ನುತ್ತಿದ್ದವು. ಅವನನ್ನು ನೆಲಕ್ಕೆ ಹಾಕಿ ವೇಲು ಮುಚ್ಚಿ ಮೇಲೆ ಮಲಗಿದೆ. ತಲೆ ಎತ್ತಿದಾಗ ನಿಮ್ಮ ಬೆನ್ನು ಕಂಡಿತು. ನನ್ನ ಹೆಸರನ್ನಾಗಲಿ ಮಗುವಿನ ಹೆಸರನ್ನಾಗಲಿ ನೀವು ಕೂಗಲಿಲ್ಲ.

ಯಾರೋ ಮುದುಕ ಕಂಬಳಿ ತಂದು ನಮ್ಮ ಮೇಲೆ ಎಸೆದ. ದವಾಖಾನೆಯಲ್ಲಿ ಮುಳ್ಳು ತೆಗೆಯಬೇಕಾದರೆ ಕೂದಲು ತೆಗೆಯಲೇಬೇಕು ಎಂದರು. ಬೋಳಿಸಿ ಎಂದೆ. ಆಗ ನೀವು ಅಲ್ಲೇ ನಿಂತಿದ್ದಿರಿ, ನಿಮ್ಮ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ.

ಓಡಿದ್ದಕ್ಕೆ ನಾನು ಮನೆ ಬಿಟ್ಟು ಬರಲಿಲ್ಲ. ಹೆದರಿಕೆ ಎಲ್ಲರಿಗೂ ಆಗುತ್ತದೆ, ಕಾಲು ಯಾರ ಮಾತನ್ನೂ ಕೇಳುವುದಿಲ್ಲ. ರೈಲಿನಲ್ಲಿ ಬರುವಾಗಲೇ ಅದನ್ನು ಬಿಟ್ಟುಬಿಟ್ಟಿದ್ದೆ. ಆದರೆ ಬಾಗಿಲಲ್ಲಿ ನಿಮ್ಮಮ್ಮ ಕೂಗಿದಾಗ ನೀವು ಎರಡನೆಯ ಸಲ ಓಡಿದಿರಿ. ಈ ಸಲ ನನ್ನ ಅಪ್ಪನ ಬುದ್ಧನನ್ನು ಎಳೆದು ಅಡ್ಡ ನಿಲ್ಲಿಸಿ ಓಡಿದಿರಿ. ನಿಮ್ಮಮ್ಮ ನಂಬುವ ಸುಳ್ಳು ಯಾವುದೆಂದು ನಿಮಗೆ ಸರಿಯಾಗಿ ಗೊತ್ತಿತ್ತು. ನಮ್ಮ ಜಾತಿಯ ಮೇಲೆ ಹಾಕಿದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ನೀವು ಸರಿಪಡಿಸುತ್ತೀರೇನೋ ಎಂದು ಅಂದು ಸಂಜೆಯವರೆಗೂ ಕಾದೆ. ನೀವು ಟಿವಿ ಹಾಕಿಕೊಂಡಿರಿ.

ಮಾಡದ ತಪ್ಪಿಗೆ ನಾನು ಯಾವ ದೇವರ ಮುಂದೆಯೂ ಅಡ್ಡಬೀಳುವುದಿಲ್ಲ. ಹೇಳಬೇಕಾದವರು ನೀವು.

ಭಾಗ್ಯಶ್ರೀ ಭರಮಪ್ಪ


ಅಜಂತಾ ಹತ್ತಿರದ ಲಾಡ್ಜು
20 ಫೆಬ್ರವರಿ 2025

ಭಾಗ್ಯಶ್ರೀಗೆ,

ಈ ಕಾಗದ ಎಲ್ಲಿಂದ ಬಂತು ಎಂದು ಆಶ್ಚರ್ಯವಾದೀತು. ನಮ್ಮ ಸ್ತ್ರೀಶಕ್ತಿ ಸಂಘದವರು ಶಿರಡಿಗೆ ಬಸ್ಸು ಮಾಡಿದ್ದರು. ದಾರಿಯಲ್ಲಿ ಅಜಂತಾ ತೋರಿಸುವುದಾದರೆ ಬರುತ್ತೇನೆ ಎಂದು ನಾನೇ ಹಟ ಹಿಡಿದೆ. ಮಾಘ ಕಳೆಯುತ್ತಾ ಬಂತು, ನೀನು ಬರಲಿಲ್ಲ, ಮುಡಿ ನಡೆಯಲಿಲ್ಲ. ನನ್ನ ಮೊಮ್ಮಗನ ಕೂದಲು ತೆಗೆದುಕೊಂಡ ಆ ದೇವರ ಮುಖವನ್ನು ಒಂದು ಸಲ ನೋಡಿ, ಕೇಳಬೇಕಾದ್ದನ್ನು ಕೇಳಿಯೇ ಬರೋಣ ಎಂದು ಹೊರಟೆ.

ಎಂಥ ಜಾಗವಮ್ಮ ಅದು! ಗಂಟೆಯಿಲ್ಲ, ಕುಂಕುಮವಿಲ್ಲ, ತೀರ್ಥವಿಲ್ಲ. ಮಂಗಳಾರತಿ ತಟ್ಟೆ ಹಿಡಿದುಕೊಂಡು ಬರುವವರೂ ಇಲ್ಲ. ಇಡೀ ಗುಡ್ಡವನ್ನು ಒಳಗಿನಿಂದ ತೋಡಿ ತೋಡಿ ಮನೆ ಮಾಡಿದ್ದಾರೆ. ಸನ್ಯಾಸಿಗಳು ಇರುತ್ತಿದ್ದ ಕೋಣೆ ಎಂದು ತೋರಿಸಿದರು. ಕಲ್ಲಿನ ಮಂಚ, ಕಿಟಕಿ ಇಲ್ಲ. ನಮ್ಮ ವಠಾರದ ರೂಮಿಗಿಂತ ಚಿಕ್ಕದು, ಬಿಟ್ಟಿ ಕೊಟ್ಟರೂ ಒಬ್ಬ ಬಾಡಿಗೆಯವನು ಬರಲಾರ. ಕಂಬಗಳನ್ನು ನೋಡಿ ಮಾತ್ರ ಬಾಯಿ ಕಟ್ಟಿತು, ಸುಳ್ಳು ಹೇಳುವುದಿಲ್ಲ. ಒಂದು ಗುಹೆಯಲ್ಲಿ ಬುದ್ಧ ಉದ್ದಕ್ಕೆ ಮಲಗಿದ್ದಾನೆ, ಕೆಳಗೆ ಸಾಲಾಗಿ ಕುಳಿತು ಅಳುತ್ತಿದ್ದಾರೆ. ಸತ್ತ ಮನೆಯ ಹಾಗೆ. ಬಯ್ಯಬೇಕೆಂದು ಹೋದವಳಿಗೆ ಬಯ್ಯುವ ಮನಸ್ಸು ಬರಲಿಲ್ಲ.

ಮುಡಿ ಕೊಡುವ ಜಾಗ ಎಲ್ಲಿ ಎಂದು ಹುಡುಕಿದೆ. ಕ್ಷೌರದವರು ಎಲ್ಲೂ ಕಾಣಲಿಲ್ಲ. ನಮ್ಮ ಬಸ್ಸಿನ ಡ್ರೈವರ್ ಯಮನಪ್ಪ ವಿಜಯಪುರದ ಕಡೆಯವನು, ಮರಾಠಿ ಬರುತ್ತದೆ. ಮೆಟ್ಟಿಲ ಕೆಳಗೆ ಹೊಳೆಯುವ ಕಲ್ಲು ಮಾರುವ ಮುದುಕನೊಬ್ಬನಿದ್ದ, ಅವನನ್ನು ಕೇಳು ಎಂದೆ. ಮುದುಕ ನಕ್ಕ. ಯಮನಪ್ಪ ಹೇಳಿದ: "ಇಲ್ಲಿ ಯಾರೂ ಕೂದಲಾ ಕೊಡಂಗಿಲ್ಲಂತ್ರೀ ಅವ್ವಾರ. ಹಿಂದ ದೀಪಾವಳಿ ಆದಮ್ಯಾಲೆ ಬೆಂಗಳೂರಾವರ ಕೂಸಿನ ತಲಿ ಬೋಳಸ್ಯಾರಂತ, ಅದೊಂದ ನೆನಪೈತಂತ. ಜೇನ ಎದ್ದಿದ್ವಂತ್ರೀ. ಗಂಡ ಯಾವನೋ ಹೊಗಿ ಹಾಕಿ ಓಡಿ ಹೋದನಂತ. ಹೆಣಮಗಳು ಕೂಸಿನ ಮ್ಯಾಲ ಬಿದ್ದು ಹೊರಳಲೇ ಇಲ್ಲಂತ. ಇವನ ಕಂಬಳಿ ಹೊಚ್ಚ್ಯಾನಂತ."

ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಸಂಘದವರು ಬಿಸಿಲು ಹತ್ತಿತೇನೋ ಎಂದು ಸೋಡಾ ತಂದರು. ನನಗೆ ಹತ್ತಿದ್ದು ಬಿಸಿಲಲ್ಲ, ನಾಚಿಕೆ. ನಿನ್ನ ಮುಖ ಊದಿದ್ದು ಅತ್ತಲ್ಲ ಎಂದು ಆಗ ಗೊತ್ತಾಯಿತು. ನನ್ನ ತಲೆ ಮುಟ್ಟಿ ಆಣೆ ಮಾಡಿದನಲ್ಲ, ಆ ಕೈಯನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವಳು ನಾನು.

ಆದರೆ ನಿನ್ನನ್ನೂ ಬಿಡುವುದಿಲ್ಲ. ಕರ್ಪೂರ ಕಟ್ಟಿಕೊಟ್ಟವಳು ನಾನು ನಿಜ, ಜೇನುಗೂಡಿನ ಕೆಳಗೆ ಹಚ್ಚು ಎಂದಿರಲಿಲ್ಲ. ನೀನು ಅಂದೇ ಬಾಯಿ ಬಿಟ್ಟು ಹೇಳಿದ್ದರೆ ಇಷ್ಟು ರಾಮಾಯಣ ಆಗುತ್ತಿತ್ತೇ? ನಿಮ್ಮಿಬ್ಬರ ಹಟಕ್ಕೆ ನನ್ನನ್ನು ಮೂರ್ಖಳನ್ನಾಗಿ ಮಾಡಿದಿರಿ. ಕಲ್ಲು ಮಾರುವ ಮುದುಕನಿಗೆ ಗೊತ್ತಿರುವ ನಮ್ಮ ಮನೆಯ ಸುದ್ದಿ ನನಗೆ ಗೊತ್ತಿಲ್ಲ!

ಬಸ್ಸು ಹೊರಡುತ್ತಿದೆ. ಶಿರಡಿಯಲ್ಲಿ ಪೋಸ್ಟಿಗೆ ಹಾಕುತ್ತೇನೆ. ಊರಿಗೆ ಹೋಗುವವರೆಗೆ ಶಿವುಗೆ ಏನೂ ಹೇಳುವುದಿಲ್ಲ. ಎದುರಿಗೆ ನಿಲ್ಲಿಸಿಕೊಂಡು ಹೇಳುತ್ತೇನೆ. ನೀನು ಮನೆಗೆ ಬಾ. ತಪ್ಪುಕಾಣಿಕೆಯ ಮಾತು ಬೇಡ.

ನಾಗಲಕ್ಷ್ಮಮ್ಮ


ರಾಜಗೋಪಾಲನಗರ
10 ಮಾರ್ಚ್ 2025

ಅತ್ತೆಯವರಿಗೆ,

ನಾನು ಅಂದೇ ಹೇಳಿದ್ದರೆ ನಂಬುತ್ತಿದ್ದಿರಾ? ಒಂದು ಕಡೆ ನಿಮ್ಮ ಮಗ, ಒಂದು ಕಡೆ ನಾನು. ಎದೆ ಮುಟ್ಟಿಕೊಂಡು ಹೇಳಿ. ನಿಮಗೆ ಗೊತ್ತೇ ಇಲ್ಲದ ಮುದುಕ ಮರಾಠಿಯಲ್ಲಿ ಹೇಳಿದ್ದನ್ನು ನಂಬಿದಿರಿ. ಐದು ವರ್ಷ ನಿಮ್ಮ ಮನೆಯ ಅನ್ನ ಬೇಯಿಸಿದವಳು ಕನ್ನಡದಲ್ಲಿ ಹೇಳಿದ್ದರೆ, ಬುದ್ಧನ ಕಡೆಯವಳು ಕಥೆ ಕಟ್ಟುತ್ತಿದ್ದಾಳೆ ಎನ್ನುತ್ತಿದ್ದಿರಿ.

ಮನೆಗೆ ಬಾ ಎಂದಿದ್ದೀರಿ. ಬರುವುದಿಲ್ಲ. ನಿಮಗೆ ನಿಜ ಗೊತ್ತಾದರೆ ಮುಗಿಯಲಿಲ್ಲ. ನಿಮ್ಮ ಮಗ ನಮ್ಮಪ್ಪನ ಮುಂದೆ ಕುಳಿತು ತನ್ನ ಬಾಯಿಂದ ಹೇಳಬೇಕು. ಬುದ್ಧನ ಹೆಸರಿನಲ್ಲಿ ಸುಳ್ಳು ಹೇಳಿದ್ದು ಅಪ್ಪನಿಗೆ ನಾಟಿದೆ. ಆ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ಒಳಗಿಟ್ಟಿದ್ದಾನೆ. "ನಿನ್ನ ಸಂಸಾರಕ್ಕ ಅಡ್ಡ ಆಗೂದು ಬ್ಯಾಡವ್ವಾ" ಎನ್ನುತ್ತಾನೆ. ನನಗೆ ಎಲ್ಲಕ್ಕಿಂತ ಸಂಕಟವಾದದ್ದು ಅದು.

ಮುಡಿ ಕೊಡಲೇಬೇಕೆಂದಿದ್ದರೆ ಬಸಲಿಂಗಣ್ಣನ ತೊಡೆಯ ಮೇಲೆ, ಎಲ್ಲರ ಎದುರಿಗೆ. ನಂದೀಶನ ತೊಡೆಯ ಮೇಲಾದರೆ ಬೇಡವೇ ಬೇಡ.

ಜಾತಿ ನೋಡುವವಳಲ್ಲ ಎಂದು ಬರೆದಿದ್ದಿರಿ. ನಮ್ಮ ಮನೆಗೆ ನೀವು ಎರಡು ಸಲ ಬಂದಿದ್ದೀರಿ. ಎರಡು ಸಲವೂ "ಈಗ್ ತಾನೆ ಉಂಡ್ಕೊಂಡ್ ಬಂದೆ" ಎಂದಿರಿ. ಎರಡು ಸಲವೂ ನಮ್ಮವ್ವ ಬೆಳಗಿನಿಂದ ಹೋಳಿಗೆ ಮಾಡಿ ಕಾದಿದ್ದಳು. ನೀರನ್ನೂ ಮುಟ್ಟದೆ ಎದ್ದಿರಿ. ನೀವು ಹೋದ ಮೇಲೆ ಅವ್ವ, "ಅವರಿಗೆ ಹಸಿವಿದ್ದಿಲ್ಲೇನೋ" ಎಂದಳು. ಅವಳು ನಿಜವಾಗಿಯೂ ಹಾಗೆ ತಿಳಿದುಕೊಂಡಿದ್ದಾಳೆ. ನಾನು ತಿಳಿದುಕೊಂಡಿಲ್ಲ.

ಭಾಗ್ಯಶ್ರೀ


ಮಾದನಾಯಕನಹಳ್ಳಿ
2 ಏಪ್ರಿಲ್ 2025

ಭಾಗ್ಯಶ್ರೀಗೆ,

ನಿನ್ನ ಕಾಗದ ಓದಿದ ದಿನ ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಷ್ಟು ಚೂಪಾಗಿ ಬರೆಯುವುದನ್ನು ಎಲ್ಲಿ ಕಲಿತೆಯೋ. ನಂಬುತ್ತಿದ್ದೆನೇ ಎಂದು ಕೇಳಿದ್ದೀಯ. ನಂಬುತ್ತಿರಲಿಲ್ಲ. ಸಾಕೇ?

ಶಿವುನನ್ನು ಅವರಪ್ಪನ ಮುಂದೆ ನಿಲ್ಲಿಸಿ ಕೇಳಿದೆ. ಅತ್ತ. ಮೀಸೆ ಬಂದ ಗಂಡಸು ಮೂಗು ಒರೆಸಿಕೊಂಡು ಅಳುವುದನ್ನು ನೋಡುವ ಕರ್ಮ ನನಗೆ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಆ ಹೊತ್ತಿನಲ್ಲಿ ಅದೂ ಸುಳ್ಳಾಯಿತು. ಅವರಪ್ಪ ಎದ್ದು ಹೊರಗೆ ಹೋದರು.

ಯುಗಾದಿ ಆದ ಮಾರನೆಯ ದಿನ ಮನೆದೇವರ ಹತ್ತಿರ ಹೋದೆ. ನಮ್ಮ ಭಾವ ಮುನಿರಾಜು, ಬೈರಪ್ಪ, ಇನ್ನೂ ಕುಲದ ನಾಲ್ಕು ಜನ ಸೇರಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಮಗುವಿನ ಸೋದರಮಾವ ಬಸಲಿಂಗ ಬಂದು ಅಂಗಳದಲ್ಲಿ ಕೂರುತ್ತಾನೆ, ದಿನ ನೋಡಿ ಎಂದೆ. ಭಾವ ನಕ್ಕರು. "ಏನ್ ನಾಗಲಕ್ಷ್ಮಮ್ಮ, ಅಜಂತಾಕ್ಕೆ ಓಗಿ ಬುದ್ಧಿ ಬುಟ್ಟು ಬಂದ್ಯಾ? ಸೊಸೆ ತಂದ್ಕೊಂಡಿದ್ದು ಮನೆವೊಳ್ಗೆ, ಅದ್ನ ದೇವ್ರ ಅಂಗ್ಳಕ್ಕೂ ಇಸ್ತರಿಸ್ಬ್ಯಾಡ" ಎಂದರು. ಹಾಗಾದರೆ ದೇವರನ್ನೇ ಕೇಳಿ ಎಂದೆ. ಬೈರಪ್ಪ ನೆಲ ನೋಡಿದ. ಹೊತ್ತು ಇಳಿಯುವವರೆಗೆ ಜಗಳವಾಡಿದೆ ಭಾಗ್ಯ. ಬಾಯಿಗೆ ಬಂದದ್ದೆಲ್ಲ ಅಂದೆ, ಅನ್ನಿಸಿಕೊಂಡೆ. ನನ್ನ ಕಡೆಗೆ ಒಬ್ಬರೂ ನಿಲ್ಲಲಿಲ್ಲ. ನಂದೀಶನೂ ನಿಲ್ಲಲಿಲ್ಲ. ಗೆಲ್ಲಲಿಕ್ಕೆ ಆಗಲಿಲ್ಲ.

ಬಸಲಿಂಗ ಇಲ್ಲದಿದ್ದರೆ ಮುಡಿಯೂ ಇಲ್ಲ ಎಂದು ಹೇಳಿ ಎದ್ದು ಬಂದೆ. ಹಾಗೆಂದು ಈ ಮನೆಯಲ್ಲಿ ಇದುವರೆಗೆ ಯಾರೂ ಹೇಳಿದವರಿಲ್ಲ. ರಾತ್ರಿ ಹೆದರಿಕೆಯೂ ಆಯಿತು, ಮಗುವಿಗೆ ಏನಾದರೂ ಆದರೆ ಎಂದು. ಹೆದರಿಕೆಗೆ ಹುಟ್ಟಿದ ಮಾತಿನಿಂದಲೇ ಇಷ್ಟೆಲ್ಲ ಆದದ್ದು ಎಂದು ಸುಮ್ಮನಾದೆ. ಕೂದಲು ಬೆಳೆಯಲಿ. ಜುಟ್ಟು ಕಟ್ಟುವುದಕ್ಕೆ ನಿನಗೆ ಬಾರದಿದ್ದರೆ ನಿಮ್ಮವ್ವನಿಗೆ ಹೇಳು.

ಭಾನುವಾರ ಶಿವುನನ್ನು ಕರೆದುಕೊಂಡು ಬರುತ್ತೇನೆ. ಅವನು ನಿಮ್ಮಪ್ಪ ಭರಮಪ್ಪನವರ ಎದುರು ಹೇಳಬೇಕಾದ್ದನ್ನು ಹೇಳುತ್ತಾನೆ. ನಾಚಿಕೆಯಾಗುತ್ತದೆ ಅಮ್ಮ, ಕಾಗದದಲ್ಲಿ ಬರೆದುಕೊಡುತ್ತೇನೆ ಎಂದ. "ನಿನ್ ಬಾಯಾಗೇ ಏಳು" ಎಂದೆ. ಆಮೇಲೆ ಅವನನ್ನು ಒಳಗೆ ಬಿಟ್ಟುಕೊಳ್ಳುವುದೋ, ಬಾಗಿಲಿಂದಲೇ ಕಳಿಸುವುದೋ, ಅದು ನಿನ್ನ ಮಾತು. ಅವನ ಪರವಾಗಿ ನಾನು ಕೇಳುವುದಿಲ್ಲ. ನಿನ್ನನ್ನು ಬಾ ಎಂದು ಎಳೆಯುವುದೂ ಇಲ್ಲ.

ನನಗೆ ನಿನ್ನ ಮೇಲೆ ಪ್ರೀತಿ ಉಕ್ಕಿದೆ ಎಂದು ತಿಳಿಯಬೇಡ. ಉಕ್ಕಿಲ್ಲ. ನಿನ್ನ ನಾಲಿಗೆ ನನಗೆ ಆಗುವುದಿಲ್ಲ, ನನ್ನದು ನಿನಗೆ ಆಗುವುದಿಲ್ಲ. ಆದರೆ ನನ್ನ ಮಗ ಬಿಟ್ಟು ಓಡಿದ ಜಾಗದಲ್ಲಿ ನೀನು ಮಲಗಿದ್ದೆ. ಆ ಮೆಟ್ಟಿಲ ಮೇಲೆ ನಾನು ಕುಳಿತಿದ್ದೇನೆ, ಕಲ್ಲು ಎಷ್ಟು ಕಾದಿರುತ್ತದೆ ಎಂದು ನನಗೆ ಗೊತ್ತು.

ಮಧ್ಯಾಹ್ನದ ಹೊತ್ತಿಗೆ ಬರುತ್ತೇವೆ. ನಿಮ್ಮವ್ವ ಶೇಖವ್ವನವರಿಗೆ ಹೇಳು, ಬೆಳಿಗ್ಗೆಯಿಂದ ಏನೂ ತಿನ್ನದೆ ಬರುತ್ತೇನೆ.

ನಾಗಲಕ್ಷ್ಮಮ್ಮ